ರಜಾಯಿ ಕೋಟಿನ ಕೆಮಿಸ್ಟ್ರಿ ಮೇಷ್ಟ್ರು

ಕೇದಾರಕಂಠ ಚಾರಣಕ್ಕೆ ಹೆಸರು ಕೊಟ್ಟ ಮೇಲೆ ನಾವು ನಾಲ್ವರು ಗೆಳೆಯರು ಮಾಡಿದ ಮೊದಲ ಕೆಲಸ ಶಾಪಿಂಗ್. ಉತ್ತರಾಖಂಡದ ಆ ಶಿಖರದ ಎತ್ತರ ಸುಮಾರು 3,800 ಮೀಟರ್, ಚಳಿಗಾಲದಲ್ಲಿ ಮೈತುಂಬ ಹಿಮ. ನಾವೋ ಹಿಮವನ್ನು ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಆನ್‌ಲೈನ್ ಆಫರ್‌ನಲ್ಲಿ ನಾನೊಂದು ಡೌನ್ ಜಾಕೆಟ್ ತರಿಸಿದೆ. ಬಾತುಕೋಳಿಯ ಎದೆಯ ತುಪ್ಪಳ ತುಂಬಿದ, ಬೆರಳಲ್ಲಿ ಒತ್ತಿದರೆ ಬನ್ನಿನಂತೆ ಮತ್ತೆ ಉಬ್ಬುವ ಜಾಕೆಟ್. ಕೂಡಿಟ್ಟಿದ್ದ ಸ್ಟೈಪೆಂಡ್ ಅದಕ್ಕೇ ಸರಿಹೋಯಿತು. ಹಿಮಾಲಯಕ್ಕೆ ಹೋಗುವ ಮೊದಲು ಒಂದು ಟ್ರಯಲ್ ಆಗಲಿ ಎಂದು ಭಾನುವಾರ ಕತ್ತಲಿರುವಾಗಲೇ ಬೈಕ್ ಹತ್ತಿ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾಟಿ ಕೆಮ್ಮಣ್ಣುಗುಂಡಿ ಸೇರಿದೆವು.

ಕೆಮ್ಮಣ್ಣುಗುಂಡಿ ಇರುವುದು 1,434 ಮೀಟರ್ ಎತ್ತರದಲ್ಲಿ. ಹಿಮವಿಲ್ಲದಿದ್ದರೂ ಡಿಸೆಂಬರ್ ಬೆಳಗಿನ ಮಂಜು ಮತ್ತು ಗಾಳಿಗೆ ಬರವಿಲ್ಲ. ಝಡ್ ಪಾಯಿಂಟ್ ಕಡೆಗೆ ನಡೆಯತೊಡಗಿದ ಹತ್ತೇ ನಿಮಿಷಕ್ಕೆ ನನ್ನ ಬೆನ್ನು ಬೆವರಿತು. ಜಾಕೆಟ್ ಬಿಚ್ಚಲು ಮನಸ್ಸು ಬರಲಿಲ್ಲ, ಟೆಸ್ಟ್ ಅಲ್ಲವೇ! ಒಳಗಿನಿಂದ ಬೆವರು, ಹೊರಗಿನಿಂದ ಮಂಜಿನ ಹನಿ. ತುದಿ ಮುಟ್ಟುವಷ್ಟರಲ್ಲಿ ಆ ಬನ್ನು ಒದ್ದೆ ಚಪಾತಿಯಾಗಿತ್ತು. ತುಪ್ಪಳವೆಲ್ಲ ಮುದ್ದೆಗಟ್ಟಿ ಮೂಲೆ ಸೇರಿತ್ತು. ಗಾಳಿಗೆ ನಿಂತಾಗ ಹಲ್ಲು ಕಟಕಟ ಎಂದಿತು. ಎದುರಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಹೇಳದೆ, ನಕ್ಕು ಮುಂದೆ ಹೋದರು.

ಆ ರಾತ್ರಿ ಹಾಸ್ಟೆಲ್‌ನಲ್ಲಿ, ಈ ಜಾಕೆಟ್ಟನ್ನು ಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರು ಎಂದು ಸಿಟ್ಟಿನಿಂದಲೇ ಹುಡುಕತೊಡಗಿದೆ. ಸಿಕ್ಕಿದ್ದು ಜಾರ್ಜ್ ಇಂಗಲ್ ಫಿಂಚ್. ಪರ್ವತಾರೋಹಣ ಓದಿಕೊಂಡವರಿಗೆ ಚೆನ್ನಾಗಿ ಗೊತ್ತಿರುವ ಹೆಸರು, ನನಗೆ ಹೊಸದು. ಸಿಟ್ಟು ಎಲ್ಲಿ ಹೋಯಿತೋ, ಬೆಳಗಿನ ಮೂರು ಗಂಟೆಯವರೆಗೂ ಅವನ ಬಗ್ಗೆಯೇ ಓದಿದೆ.

ಫಿಂಚ್ ಹುಟ್ಟಿದ್ದು 1888ರಲ್ಲಿ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಎಂಬ ಊರಿನ ಹತ್ತಿರ. ಸುತ್ತ ಹುಲ್ಲುಗಾವಲು, ಕುದುರೆ, ಕುರಿ. ಬಾಲ್ಯದಲ್ಲಿ ಒಂದು ಬೆಳಗ್ಗೆ ವಾಲಬಿಯ (ಕಾಂಗರೂವಿನ ಚಿಕ್ಕ ತಮ್ಮ ಎನ್ನಬಹುದು) ಬೆನ್ನು ಹತ್ತಿ ಹೋದ ಹುಡುಗ ಕನೊಬೊಲಾಸ್ ಬೆಟ್ಟದ ತುದಿಗೆ ಬಂದುಬಿಟ್ಟ. ಮೇಲಿನಿಂದ ನೋಡಿದರೆ ದಿನವೂ ಓಡಾಡುವ ನೆಲವೇ ಬೇರೆಯಾಗಿ ಕಂಡಿತಂತೆ. ವಾಲಬಿ ತಪ್ಪಿಸಿಕೊಂಡಿತು, ಬೆಟ್ಟದ ಹುಚ್ಚು ಹಿಡಿಯಿತು. ಆ ಬೆಟ್ಟದ ಎತ್ತರ ಸುಮಾರು 1,400 ಮೀಟರ್. ಅಂದರೆ ನಮ್ಮ ಕೆಮ್ಮಣ್ಣುಗುಂಡಿಯಷ್ಟೇ!

ಹದಿಹರೆಯಕ್ಕೆ ಬರುವ ಹೊತ್ತಿಗೆ ತಾಯಿ ಲಾರಾ ಮಕ್ಕಳನ್ನು ಕರೆದುಕೊಂಡು ಯುರೋಪಿಗೆ ಬಂದಳು. ತಂದೆ ಆಸ್ಟ್ರೇಲಿಯಾದಲ್ಲೇ ಉಳಿದ. ಜಾರ್ಜ್ ಮತ್ತು ತಮ್ಮ ಮ್ಯಾಕ್ಸ್ ಹತ್ತಲು ಏನು ಸಿಕ್ಕಿದರೂ ಬಿಟ್ಟವರಲ್ಲ. ಇಂಗ್ಲೆಂಡಿನ ಬೀಚಿ ಹೆಡ್ ಎಂಬ ಸಮುದ್ರದಂಡೆಯ ಸುಣ್ಣದ ಕಲ್ಲಿನ ಪ್ರಪಾತವಾಯಿತು, ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಗೋಡೆಯೂ ಆಯಿತು. ಪ್ಯಾರಿಸ್‌ನಲ್ಲಿ ಮೆಡಿಕಲ್‌ಗೆ ಸೇರಿದ ಜಾರ್ಜ್‌ಗೆ ಅದು ಒಗ್ಗಲಿಲ್ಲ. ಅದನ್ನು ಅರ್ಧಕ್ಕೇ ಬಿಟ್ಟು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿರುವ ಪ್ರಸಿದ್ಧ ತಾಂತ್ರಿಕ ಸಂಸ್ಥೆ ಇಟಿಎಚ್‌ನಲ್ಲಿ ರಸಾಯನ ವಿಜ್ಞಾನಕ್ಕೆ ಸೇರಿದ. (ಬ್ರಾಂಚ್ ಬದಲಾಯಿಸುವ ಬಗ್ಗೆ ಮನೆಯಲ್ಲಿ ಬಾಯಿಬಿಡಲು ಹೆದರುವ ನನ್ನಂಥವರು ಇದನ್ನು ಗಮನಿಸಬಹುದು.) ಜ್ಯೂರಿಕ್‌ನಿಂದ ಆಲ್ಪ್ಸ್ ದೂರವಿಲ್ಲ. ವಾರವಿಡೀ ಲ್ಯಾಬ್, ರಜೆ ಸಿಕ್ಕರೆ ಬೆಟ್ಟ. ಆ ಕಾಲದಲ್ಲಿ ಬ್ರಿಟಿಷ್ ಪರ್ವತಾರೋಹಿಗಳು ಹೆಚ್ಚಾಗಿ ಸ್ಥಳೀಯ ಗೈಡ್‌ಗಳನ್ನು ಗೊತ್ತುಮಾಡಿಕೊಂಡು ಅವರ ಹಿಂದೆ ಹತ್ತುತ್ತಿದ್ದರು. ಜ್ಯೂರಿಕ್‌ನ ಹುಡುಗರು ಗೈಡ್ ಇಲ್ಲದೆ, ಚಳಿಗಾಲದಲ್ಲೂ, ತಮ್ಮ ದಾರಿ ತಾವೇ ನೋಡಿಕೊಂಡು ಹತ್ತುವವರು. ಫಿಂಚ್ ಆ ಗುಂಪಿನ ಮುಂದಾಳಾದ. ಗೈಡ್ ನೆಚ್ಚಿಕೊಂಡ ಹಿರಿಯರನ್ನು ಬರಹದಲ್ಲಿ ಕುಟುಕಿದ್ದೂ ಉಂಟು. ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ದೊಡ್ಡವರಿಗೆ ಇದು ಹಿಡಿಸುವ ಮಾತಲ್ಲ.

ಓದು ಮುಗಿಸಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಮೇಷ್ಟ್ರಾದ. ಮೊದಲ ಮಹಾಯುದ್ಧ ಬಂತು, ಸೈನ್ಯಕ್ಕೆ ಹೋದ. ಗ್ರೀಸ್‌ನ ಸಲೋನಿಕಾದಲ್ಲಿ ಕೆಟ್ಟುಹೋಗುತ್ತಿದ್ದ ಮದ್ದುಗುಂಡುಗಳ ಸಮಸ್ಯೆಯನ್ನು ಸರಿಪಡಿಸಿದ್ದಕ್ಕೆ ಗೌರವವೂ ಸಿಕ್ಕಿತು. ಮನೆಯ ಕಥೆ ಮಾತ್ರ ಚೆನ್ನಾಗಿರಲಿಲ್ಲ. ಎರಡು ಮದುವೆಗಳು ಬೇಗ ಬೇಗ ಮುರಿದವು, ಮೂರನೆಯದು ಕೊನೆಯವರೆಗೂ ಉಳಿಯಿತು. ಮೊದಲ ಮದುವೆಯ ಕಾಲದಲ್ಲಿ ಹುಟ್ಟಿ ಅವನ ಹೆಸರು ಹೊತ್ತ ಪೀಟರ್ ಫಿಂಚ್ ಬೆಳೆದದ್ದು ಅಪ್ಪನ ಹತ್ತಿರವೂ ಅಲ್ಲ, ಅಮ್ಮನ ಹತ್ತಿರವೂ ಅಲ್ಲ. ಅಜ್ಜಿ ಲಾರಾ ಅವನನ್ನು ಮದ್ರಾಸಿನ ಅಡ್ಯಾರ್‌ಗೂ ಕರೆತಂದಿದ್ದಳು. ಆ ಹುಡುಗ ಮುಂದೆ ದೊಡ್ಡ ಸಿನಿಮಾ ನಟನಾಗಿ, ಸತ್ತ ಮೇಲೆ ಆಸ್ಕರ್ ಪಡೆದ. ಜಾರ್ಜ್ ಫಿಂಚ್ ಬಗ್ಗೆ ಎಷ್ಟೇ ಮೆಚ್ಚುಗೆ ಇದ್ದರೂ ಈ ಪುಟದಲ್ಲಿ ಅವನನ್ನು ಕ್ಷಮಿಸಲು ನನಗೆ ಆಗಲಿಲ್ಲ.

1921ರಲ್ಲಿ ಬ್ರಿಟಿಷರು ಮೊದಲ ಎವರೆಸ್ಟ್ ದಂಡಯಾತ್ರೆಗೆ ತಂಡ ಕಟ್ಟಿದರು. ಹತ್ತುವವರಲ್ಲಿ ಜಾರ್ಜ್ ಮ್ಯಾಲರಿ, ಜಾರ್ಜ್ ಫಿಂಚ್ ಎರಡು ದೊಡ್ಡ ಹೆಸರು. ಹೊರಡಲು ಕೆಲವೇ ವಾರ ಇರುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ಫಿಂಚ್ ಫಿಟ್ ಅಲ್ಲ ಎಂದು ಕೈಬಿಟ್ಟರು. ತಮಾಷೆಯೆಂದರೆ, ಅದೇ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನ ವಿಜ್ಞಾನಿ ಡ್ರೇಯರ್ ಅವನನ್ನು ಗಾಳಿಯ ಒತ್ತಡ ಇಳಿಸಬಲ್ಲ ಉಕ್ಕಿನ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದ್ದ. ತೆಳುಗಾಳಿಯನ್ನು ಫಿಂಚ್ ತಡೆದುಕೊಂಡ ರೀತಿಗೆ ಡ್ರೇಯರ್ ಬೆರಗಾಗಿದ್ದ. ಒಂದು ಪರೀಕ್ಷೆಯಲ್ಲಿ ಫೇಲ್, ಇನ್ನೊಂದರಲ್ಲಿ ಡಿಸ್ಟಿಂಕ್ಷನ್. ಸಮಿತಿ ಮೊದಲನೆಯದನ್ನೇ ಹಿಡಿದುಕೊಂಡಿತು. ಆಸ್ಟ್ರೇಲಿಯಾದವನು, ಓದಿದ್ದು ಆಕ್ಸ್‌ಫರ್ಡ್-ಕೇಂಬ್ರಿಡ್ಜ್‌ನಲ್ಲಲ್ಲ, ಉದ್ದ ಕೂದಲು, ವಿಚ್ಛೇದನ, ಮೇಲೆ ನೇರ ನಾಲಿಗೆ. ಆ ಸಮಿತಿಯ ದೊಡ್ಡಮನುಷ್ಯರಿಗೆ ರಕ್ತದೊತ್ತಡಕ್ಕಿಂತ ಇವೇ ಭಾರವಾಗಿ ಕಂಡಿರಬೇಕು ಎಂದು ನನ್ನ ಅನುಮಾನ.

ಡ್ರೇಯರ್‌ನ ಕೋಣೆ ಫಿಂಚ್‌ಗೆ ಕಲಿಸಿದ್ದು ಬೇರೆಯೇ ಪಾಠ. ಎಷ್ಟೇ ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21ರಷ್ಟೇ. ಕಡಿಮೆಯಾಗುವುದು ಒತ್ತಡ. ಕೆಮ್ಮಣ್ಣುಗುಂಡಿಯಲ್ಲಿ ಸಮುದ್ರಮಟ್ಟದ ಸುಮಾರು ಶೇ 85ರಷ್ಟು ಒತ್ತಡವಿದ್ದರೆ ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಪಾಲು ಮಾತ್ರ. ಅಲ್ಲಿ ಮೂರು ಸಲ ಉಸಿರೆಳೆದರೆ ಇಲ್ಲಿನ ಒಂದು ಉಸಿರಿಗೆ ಸಮ. ದೇಹ ಎಂಬ ಒಲೆಗೆ ಗಾಳಿ ಸಾಲದಿದ್ದರೆ ಬೆಂಕಿ ಕುಂದುತ್ತದೆ, ಕೈಕಾಲು ಮೊದಲು ತಣ್ಣಗಾಗುತ್ತವೆ. ಹಾಗಾಗಿ ಫಿಂಚ್ ಆಮ್ಲಜನಕ ಮತ್ತು ಬಟ್ಟೆ ಎರಡನ್ನೂ ಒಂದೇ ಲೆಕ್ಕದ ಎರಡು ಭಾಗ ಎಂದು ನೋಡಿದ.

1922ರ ತಂಡಕ್ಕೆ ಅವನನ್ನು ಸೇರಿಸಿಕೊಳ್ಳದೆ ವಿಧಿಯಿರಲಿಲ್ಲ. ಆಮ್ಲಜನಕದ ಉಪಕರಣದ ಹೊಣೆ ಅವನದಾಯಿತು. ನಾಲ್ಕು ಉಕ್ಕಿನ ಸಿಲಿಂಡರ್, ಕೊಳವೆ, ಅಳೆಯುವ ಮೀಟರ್, ಮುಖವಾಡ, ಎಲ್ಲ ಸೇರಿ ಬೆನ್ನ ಮೇಲೆ ಸುಮಾರು 14.5 ಕೆ.ಜಿ. ಬಹುತೇಕರಿಗೆ ಇದು ಹಿಡಿಸಲಿಲ್ಲ. ಗಾಳಿಯನ್ನು ಡಬ್ಬಿಯಲ್ಲಿ ಹೊತ್ತು ಬೆಟ್ಟ ಹತ್ತುವುದು ಆಟದ ನಿಯಮಕ್ಕೆ ವಿರುದ್ಧ ಎಂಬ ಭಾವನೆ. ಬಟ್ಟೆಯ ವಿಷಯದಲ್ಲಿ ಅವರು ನೆಚ್ಚಿಕೊಂಡದ್ದು ಆಲ್ಪ್ಸ್‌ನಲ್ಲಿ ಹಾಕುತ್ತಿದ್ದುದನ್ನೇ: ಒಂದರ ಮೇಲೊಂದು ರೇಷ್ಮೆ, ಉಣ್ಣೆಯ ಅಂಗಿ, ಸ್ವೆಟರ್, ಮೇಲೆ ಗ್ಯಾಬರ್ಡೀನ್ ಎಂಬ ದಟ್ಟ ನೇಯ್ಗೆಯ ಕೋಟು, ಟ್ವೀಡ್, ಕಾಲಿಗೆ ಸುತ್ತಿದ ಪಟ್ಟಿ. ಫಿಂಚ್ ಮಾತ್ರ ತನ್ನ ಪೆಟ್ಟಿಗೆಯಿಂದ ಒಂದು ವಿಚಿತ್ರ ವಸ್ತು ತೆಗೆದ. ಬಲೂನ್ ತಯಾರಿಸುವ ಬಟ್ಟೆಯಲ್ಲಿ ಚೌಕ ಚೌಕವಾಗಿ ಹೊಲಿದು ಒಳಗೆ ಐಡರ್ ಎಂಬ ಉತ್ತರದ ಕಡಲ ಬಾತುಕೋಳಿಯ ತುಪ್ಪಳ ತುಂಬಿದ ಉದ್ದನೆಯ ಕೋಟು. ರಜಾಯಿಗೆ ತೋಳು ಹೊಲಿದಂತೆ! ಅದನ್ನು ತೊಟ್ಟವನನ್ನು ಕಂಡು ಜೊತೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಆ ಕೋಟಿನ ಹಿಂದಿನ ಲೆಕ್ಕ ನಮ್ಮ ಹೀಟ್ ಟ್ರಾನ್ಸ್‌ಫರ್ ಪಾಠದ ಮೊದಲ ಅಧ್ಯಾಯದಷ್ಟೇ ಸರಳ. ಬಟ್ಟೆ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ ಅಷ್ಟೆ. ತಡೆಯುವುದಕ್ಕೆ ಅತಿ ಅಗ್ಗದ, ಅತಿ ಹಗುರದ ವಸ್ತು ಅಲುಗಾಡದೆ ನಿಂತ ಗಾಳಿ. ತುಪ್ಪಳದ ಕೆಲಸ ಆ ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದಿಡುವುದು. ಬಲೂನ್ ಬಟ್ಟೆಯ ಕೆಲಸ ಹೊರಗಿನ ಬಿರುಗಾಳಿ ಆ ಗೂಡುಗಳನ್ನು ಕೆದಕದಂತೆ ನೋಡಿಕೊಳ್ಳುವುದು. ಎವರೆಸ್ಟ್‌ನ ಮೇಲ್ಭಾಗದಲ್ಲಿ ಚಳಿ ಎಷ್ಟೆಂದರೆ ನೀರು ನೀರಾಗಿ ಇರುವುದೇ ಇಲ್ಲ. ಹಿಮ ಪುಡಿಯಾಗಿ ಉದುರಿಹೋಗುತ್ತದೆ. ಹಾಗಾಗಿ ತುಪ್ಪಳ ನೆನೆಯುವ ಭಯ ಕಡಿಮೆ. ಕೆಮ್ಮಣ್ಣುಗುಂಡಿಯ ಕಥೆ ತಿರುಗಾಮುರುಗಾ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಮಂಜು, ಬೆವರು ಸೇರಿ ನನ್ನ ತುಪ್ಪಳದ ಗೂಡುಗಳಿಗೆ ನೀರು ತುಂಬಿದಾಗ ನಾನು ತೊಟ್ಟಿದ್ದು ಜಾಕೆಟ್ ಅಲ್ಲ, ರೇಡಿಯೇಟರ್. ಕಂಬಳಿಯ ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಆ ಹಿರಿಯರ ನಗುವಿನ ಅರ್ಥ ಆಗ ತಿಳಿಯಿತು.

ಫಿಂಚ್‌ನ ವಿಶೇಷ ಎಂದು ನನಗೆ ಅನ್ನಿಸುವುದು ಕೋಟು ಹೊಲಿಸಿದ್ದಲ್ಲ, ಪ್ರತಿಯೊಂದನ್ನೂ ಮೊದಲೇ ಬಳಸಿ ನೋಡುತ್ತಿದ್ದುದು. ಇಂಗ್ಲೆಂಡಿನಿಂದ ಮುಂಬಯಿಗೆ ಬರುವಾಗ ಕ್ಯಾಲಿಡೋನಿಯಾ ಹಡಗಿನ ಡೆಕ್ಕಿನ ಮೇಲೆಯೇ ತಂಡದವರಿಗೆ ಸಿಲಿಂಡರ್ ಹೊರಿಸಿ ಡ್ರಿಲ್ ಮಾಡಿಸಿದ. ಬಿಸಿಲಿನಲ್ಲಿ ಮುಖವಾಡ ತೊಟ್ಟು ಕವಾಯತು ಮಾಡುವುದು ಅವರಿಗೆ ದೊಡ್ಡ ಕಿರಿಕಿರಿ. ಟಿಬೆಟ್ ತಲುಪಿ ಪೆಟ್ಟಿಗೆ ತೆರೆದು ಪ್ರಯೋಗ ಮಾಡಿದಾಗ ಕೊಳವೆಗಳು ಸೋರುತ್ತಿದ್ದವು, ಬೆಸುಗೆ ಬಿಟ್ಟಿತ್ತು, ಮುಖವಾಡ ತೊಟ್ಟರೆ ಉಸಿರು ಕಟ್ಟುತ್ತಿತ್ತು. ಫಿಂಚ್ ಬೆಸುಗೆ ಕಡ್ಡಿ ಹಿಡಿದು ಕೂತ. ಮುಖವಾಡ ಪೂರ್ತಿ ಬಿಟ್ಟು, ಟಿ ಆಕಾರದ ಗಾಜಿನ ಕೊಳವೆಗೆ ಫುಟ್‌ಬಾಲ್ ಬ್ಲಾಡರ್ ಕಟ್ಟಿ ತನ್ನದೇ ಒಂದು ಸಾಧನ ಮಾಡಿದ. ಉಸಿರು ಬಿಡುವಾಗ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿದರೆ ಆಮ್ಲಜನಕ ಬ್ಲಾಡರ್‌ನಲ್ಲಿ ಕೂಡಿಕೊಳ್ಳುತ್ತದೆ, ಎಳೆಯುವಾಗ ಬಿಟ್ಟರೆ ಒಳಬರುತ್ತದೆ. ಕವಾಟವೇ ಹಲ್ಲು. ನಮ್ಮ ಕಡೆ ಇಂಥದ್ದಕ್ಕೆ ಜುಗಾಡ್ ಅನ್ನುತ್ತೇವೆ; ಆದರೆ ಜುಗಾಡ್‌ಗೂ ಕೆಳಗಿನ ಶಿಬಿರದಲ್ಲೇ ಪರೀಕ್ಷೆ ಆಗಿತ್ತು.

ಮೇ 21ರಂದು ಮ್ಯಾಲರಿ, ನಾರ್ಟನ್, ಸೋಮರ್ವೆಲ್ ಮೂವರೂ ಆಮ್ಲಜನಕವಿಲ್ಲದೆ 8,225 ಮೀಟರ್‌ವರೆಗೆ ಹೋಗಿ ಬಂದರು. ಅಲ್ಲಿಯವರೆಗೆ ಮನುಷ್ಯ ಹತ್ತಿದ ಅತಿ ಎತ್ತರ ಅದು. ಅವರ ಜೊತೆ ಹೊರಟು ಅರ್ಧದಲ್ಲಿ ಉಳಿದ ಮೋರ್ಸ್‌ಹೆಡ್‌ನ ಬೆರಳುಗಳು ಚಳಿಗೆ ಸತ್ತುಹೋದವು. ಈಗ ಫಿಂಚ್ ಸರದಿ. ಅನುಭವಿಗಳೆಲ್ಲ ಸುಸ್ತಾಗಿದ್ದರು. ಉಳಿದವರು ತಂಡದ ನಾಯಕನ ಸಂಬಂಧಿ ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಸೈನಿಕ ತೇಜ್‌ಬೀರ್. ಬ್ರೂಸ್ ಗಟ್ಟಿಮುಟ್ಟಾದ ಸೈನ್ಯಾಧಿಕಾರಿ, ಆದರೆ ಅದಕ್ಕೂ ಮುಂಚೆ ಒಂದು ಪರ್ವತವನ್ನೂ ಹತ್ತಿದವನಲ್ಲ!

ಸುಮಾರು 7,770 ಮೀಟರ್ ಎತ್ತರದ ಒಂದು ಏಣಿನ ಮೇಲೆ ಮೂವರೂ ಡೇರೆ ಹಾಕಿದರು. ಅದರ ಅಂಚಿನಾಚೆ ಪ್ರಪಾತ. ರಾತ್ರಿ ಬಿರುಗಾಳಿ ಎದ್ದಿತು. ಗಾಳಿ ಡೇರೆಯ ಅಡಿಗೆ ನುಗ್ಗಿ ಎತ್ತಿ ಎಸೆಯಲು ನೋಡುತ್ತಿತ್ತು. ಮೂವರೂ ತಮ್ಮ ಮೈಭಾರವನ್ನೇ ಗೂಟ ಮಾಡಿಕೊಂಡು, ಸರದಿಯ ಮೇಲೆ ಹೊರಗೆ ಹೋಗಿ ಹಗ್ಗ ಬಿಗಿದು, ಬೆಳಗು ಮಾಡಿದರು. ಮರುದಿನ ಮಧ್ಯಾಹ್ನದವರೆಗೂ ಅದೇ ಅಬ್ಬರ. ತಿನ್ನಲು ಇದ್ದದ್ದು ಮುಗಿಯುತ್ತ ಬಂದಿತ್ತು. ಇಳಿದುಬಿಡಬಹುದಿತ್ತು. ಇನ್ನೊಂದು ರಾತ್ರಿ ನೋಡೋಣ ಎಂದು ಮೂವರೂ ಉಳಿದರು. ಸಂಜೆ ಹೊರಗೆ ಮನುಷ್ಯರ ದನಿ ಕೇಳಿಸಿತು. ಕೆಳಗಿನ ಶಿಬಿರದಿಂದ ಕೂಲಿಗಳು ಥರ್ಮಾಸ್‌ನಲ್ಲಿ ಬಿಸಿ ಚಹಾ ತಂದಿದ್ದರು. ಆ ಗಾಳಿಯಲ್ಲಿ ಚಹಾ ಹೊತ್ತು ಬಂದು ಮತ್ತೆ ಕತ್ತಲಲ್ಲಿ ಇಳಿದು ಹೋದ ಆ ಜನರ ಬಗ್ಗೆ ಯಾಕೆ ಒಂದು ಪುಸ್ತಕವಿಲ್ಲವೋ!

ಎರಡನೇ ರಾತ್ರಿ ಮೂವರ ಕೈಕಾಲೂ ಮರಗಟ್ಟತೊಡಗಿದಾಗ ಫಿಂಚ್‌ಗೆ ಆಮ್ಲಜನಕದ ನೆನಪಾಯಿತು. ಹತ್ತುವಾಗ ಬಳಸಲೆಂದು ತಂದದ್ದನ್ನು ಮಲಗಿರುವಾಗಲೇ ಸ್ವಲ್ಪ ಸ್ವಲ್ಪ ಎಳೆದು ನೋಡಿದರು. ತೇಜ್‌ಬೀರ್‌ನ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಕಾಲಿನ ತುದಿಗೆ ಬಿಸಿ ಹರಿಯತೊಡಗಿತು. ರಾತ್ರಿಯಿಡೀ ಸಣ್ಣ ಹರಿವಿನಲ್ಲಿ ಉಸಿರಾಡುತ್ತ ಮೂವರೂ ನಿದ್ದೆ ಮಾಡಿದರು. ತೆಳುಗಾಳಿಯಲ್ಲಿ ಸಿಗರೇಟು ಉಸಿರಾಟಕ್ಕೆ ಸಹಾಯ ಮಾಡುತ್ತದೆ ಎಂದೂ ಫಿಂಚ್ ನಂಬಿದ್ದ, ಅಲ್ಲೂ ಸೇದಿದ. ಅವನ ಎಲ್ಲ ಸಿದ್ಧಾಂತಗಳೂ ಒಂದೇ ದರ್ಜೆಯವಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಮೇ 27ರ ಬೆಳಗ್ಗೆ ಹೊರಟರು. ಹೆಚ್ಚುವರಿ ಸಿಲಿಂಡರ್ ಹೊತ್ತಿದ್ದ ತೇಜ್‌ಬೀರ್ ಸ್ವಲ್ಪ ಎತ್ತರಕ್ಕೆ ಹೋಗುವಷ್ಟರಲ್ಲಿ ಕುಸಿದ, ಅವನನ್ನು ಡೇರೆಗೆ ಹಿಂದೆ ಕಳಿಸಿದರು. ಏಣಿನ ಮೇಲೆ ಗಾಳಿ ತಡೆಯಲಾಗದೆ ಫಿಂಚ್, ಬ್ರೂಸ್ ಇಬ್ಬರೂ ಪಕ್ಕದ ಇಳಿಜಾರಿಗೆ ಅಡ್ಡ ತಿರುಗಿದರು. 8,320 ಮೀಟರ್ ಹತ್ತಿರ ಬ್ರೂಸ್‌ನ ಉಪಕರಣದ ಗಾಜಿನ ಕೊಳವೆ ಒಡೆಯಿತು. ಆಮ್ಲಜನಕ ನಿಂತಿತು. ಹಿಂದಕ್ಕೆ ವಾಲುತ್ತಿದ್ದ ಅವನನ್ನು ಫಿಂಚ್ ಹಿಡಿದೆಳೆದು ಕೂರಿಸಿ, ತನ್ನ ಕೊಳವೆಯಿಂದ ಅವನಿಗೆ ಉಸಿರು ಕೊಟ್ಟು, ಒಡೆದದ್ದನ್ನು ಅಲ್ಲೇ ಸರಿಪಡಿಸಿದ. ದಾಖಲೆ ಆಗಲೇ ಮುರಿದಿತ್ತು. ಶಿಖರಕ್ಕೆ ಇನ್ನು ಸುಮಾರು 500 ಮೀಟರ್. ಫಿಂಚ್‌ನಲ್ಲಿ ಇನ್ನೂ ಶಕ್ತಿಯಿತ್ತು. ಆದರೆ ಮುಂದುವರಿದರೆ ಬ್ರೂಸ್ ಜೀವಂತ ಮರಳುವುದಿಲ್ಲ ಎಂದು ಅವನಿಗೆ ಖಚಿತವಾಯಿತು. ತಿರುಗಿದ. ಮೊದಲ ಬಾರಿ ಪರ್ವತ ಹತ್ತಿದ ಬ್ರೂಸ್, ಚಳಿ ಹಿಡಿದ ಕಾಲುಗಳೊಂದಿಗೆ, ಆದರೆ ಜೀವಂತವಾಗಿ ಕೆಳಗೆ ಬಂದ. ಹೋಗುವಾಗ ನಕ್ಕವರು ಬರುವಷ್ಟರಲ್ಲಿ ಆ ರಜಾಯಿ ಕೋಟನ್ನು ಆಸೆಗಣ್ಣಿನಿಂದ ನೋಡುತ್ತಿದ್ದರಂತೆ.

ಆರೋಗ್ಯ ಕೆಟ್ಟಿದ್ದ ಫಿಂಚ್ ಅಲ್ಲಿಂದ ಮರಳಿದ. ಜೂನ್ 7ರಂದು ಮ್ಯಾಲರಿಯ ಜೊತೆ ಮತ್ತೊಮ್ಮೆ ಹೊರಟ ಗುಂಪಿನ ಮೇಲೆ ಹಿಮಪಾತ ಬಿದ್ದು ಏಳು ಕೂಲಿಗಳು ಸತ್ತರು.

ಇಷ್ಟಾದ ಮೇಲೆ 1924ರ ತಂಡದಲ್ಲಿ ಮೊದಲ ಹೆಸರು ಅವನದೇ ಇರಬೇಕಿತ್ತು, ಅಲ್ಲವೇ? ಅವನು ತೆಗೆದ ಫೋಟೊಗಳನ್ನು ಬಳಸಿ ಅವನೇ ಉಪನ್ಯಾಸ ಕೊಡಬಹುದೇ ಎಂಬುದರ ಮೇಲೆ ಎವರೆಸ್ಟ್ ಸಮಿತಿಗೂ ಅವನಿಗೂ ಜಗಳ ಹತ್ತಿತು. ಒಪ್ಪಂದದ ಅವಧಿ ಮುಗಿದ ಮೇಲೂ ಹಣಕಾಸಿನ ಹಿಡಿತ ತಮ್ಮದೇ ಎಂದು ಸಮಿತಿಯವರ ವಾದ. ಫಿಂಚ್ ಬಗ್ಗಲಿಲ್ಲ. ಅವನನ್ನು ಬಿಟ್ಟೇ ತಂಡ ಹೊರಟಿತು. ಆಮ್ಲಜನಕದ ಉಪಕರಣಗಳನ್ನು ಬಿಚ್ಚಿ ಜೋಡಿಸುವ ಕೆಲಸ ಆಕ್ಸ್‌ಫರ್ಡ್‌ನ ವಿದ್ಯಾರ್ಥಿ ಸ್ಯಾಂಡಿ ಅರ್ವಿನ್ ಪಾಲಿಗೆ ಬಂತು. ವಯಸ್ಸು 22, ನಮಗಿಂತ ಎರಡು ವರ್ಷ ದೊಡ್ಡವನು. ಯಂತ್ರ ಕಂಡರೆ ಬಿಚ್ಚದೆ ಬಿಡದ ಹುಡುಗ. ಜೂನ್ 8ರಂದು ಮ್ಯಾಲರಿ ಮತ್ತು ಅರ್ವಿನ್ ಮೋಡದೊಳಗೆ ಮರೆಯಾದರು. ಮ್ಯಾಲರಿಯ ದೇಹ ಸಿಕ್ಕಿದ್ದು 1999ರಲ್ಲಿ, ಗ್ಯಾಬರ್ಡೀನ್ ಮತ್ತು ಉಣ್ಣೆಯ ಚಿಂದಿಗಳೊಂದಿಗೆ. 2024ರಲ್ಲಿ ಕೆಳಗಿನ ಹಿಮನದಿಯಲ್ಲಿ ಒಂದು ಬೂಟು ಸಿಕ್ಕಿತು. ಒಳಗಿದ್ದ ಕಾಲುಚೀಲದ ಮೇಲೆ ಅರ್ವಿನ್‌ನ ಹೆಸರಿನ ಪಟ್ಟಿ ಹೊಲಿದಿತ್ತು. ಫಿಂಚ್ ಜೊತೆಗಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೇ? ಇಂಥ ಪ್ರಶ್ನೆ ಕೇಳಬಾರದು ಎಂದು ಗೊತ್ತಿದ್ದರೂ ಆ ರಾತ್ರಿ ನಾನು ಕೇಳಿಕೊಂಡೆ.

ಫಿಂಚ್ ಎವರೆಸ್ಟ್‌ಗೆ ಮತ್ತೆ ಹೋಗಲೇ ಇಲ್ಲ. ಅದೇ 1924ರಲ್ಲಿ ತನ್ನ ಬೆಟ್ಟಗಳ ಬಗ್ಗೆ ಒಂದು ಪುಸ್ತಕ ಬರೆದ, ಮತ್ತೆ ಲ್ಯಾಬ್ ಹೊಕ್ಕ. ಎಲೆಕ್ಟ್ರಾನ್ ಕಿರಣಗಳನ್ನು ಲೋಹದ ಮೇಲ್ಮೈಗೆ ಹಾಯಿಸಿ, ತೆಳು ಪದರಗಳಲ್ಲಿ, ಉಜ್ಜಾಡುವ ಯಂತ್ರಭಾಗಗಳ ಮೇಲೆ ಏನಾಗುತ್ತದೆ ಎಂದು ಹುಡುಕಿದ. 1936ರಲ್ಲಿ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದ, 1938ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1944ರಲ್ಲಿ ಹ್ಯೂಸ್ ಪದಕ. ಎರಡನೇ ಮಹಾಯುದ್ಧದಲ್ಲಿ ಬೆಂಕಿಬಾಂಬುಗಳ ವಿಷಯದಲ್ಲಿ ಸರ್ಕಾರಕ್ಕೆ ಸಲಹೆಗಾರ. ಬೆಟ್ಟ ಹತ್ತದಿದ್ದರೂ ನೆನಪಿನಲ್ಲಿ ಉಳಿಯಬಹುದಾದ ಬದುಕು.

ನನಗೆ ಕುರ್ಚಿಯಿಂದ ಎದ್ದು ಕೂರುವಂತೆ ಮಾಡಿದ್ದು ಮುಂದಿನ ಸಾಲು. 1952ರಲ್ಲಿ, 64ನೇ ವಯಸ್ಸಿನಲ್ಲಿ, ಫಿಂಚ್ ಪುಣೆಗೆ ಬಂದ. ಎರಡು ವರ್ಷದ ಹಿಂದಷ್ಟೇ ನೆಹರೂ ಉದ್ಘಾಟಿಸಿದ್ದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ನಿರ್ದೇಶಕನಾಗಿ 1957ರವರೆಗೆ ಇದ್ದ. ಹಿಮಾಲಯಕ್ಕೆ ಬರಬೇಡ ಎಂದವರನ್ನು ಬಿಟ್ಟು, ಹಿಮಾಲಯವಿರುವ ದೇಶಕ್ಕೇ ಬಂದು ನಮ್ಮವರಿಗೆ ಕೆಮಿಸ್ಟ್ರಿ ಕಲಿಸಿದ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ತುದಿ ಮುಟ್ಟಿದಾಗ ಅವನು ಆ ಪ್ರಯೋಗಾಲಯದ ಮುಖ್ಯಸ್ಥ. ಅವರಿಬ್ಬರ ಬೆನ್ನ ಮೇಲೆ ಆಮ್ಲಜನಕದ ಸಿಲಿಂಡರ್ ಇತ್ತು, ಮೈಮೇಲೆ ತುಪ್ಪಳದ ಜಾಕೆಟ್ ಇತ್ತು.

1959ರಲ್ಲಿ ಆಲ್ಪೈನ್ ಕ್ಲಬ್ ಅವನನ್ನು ತನ್ನ ಅಧ್ಯಕ್ಷನನ್ನಾಗಿ ಮಾಡಿಕೊಂಡಿತು. ಹೌದು, ಅದೇ ಕ್ಲಬ್. 1970ರ ನವೆಂಬರ್‌ನಲ್ಲಿ ತೀರಿಕೊಂಡ.

ನನ್ನ ಜಾಕೆಟ್ ಹಾಸ್ಟೆಲ್ ಟೆರೇಸಿನಲ್ಲಿ ಮೂರು ದಿನ ಒಣಗಿತು. ಮಧ್ಯೆ ಮಧ್ಯೆ ಕೈಯಲ್ಲಿ ತಟ್ಟಿ ಮುದ್ದೆಗಳನ್ನು ಬಿಡಿಸಬೇಕಾಯಿತು. ಈಗ ಮತ್ತೆ ಬನ್ನಿನಂತಾಗಿದೆ. ಈ ಸಲದ ಲೆಕ್ಕ ಹೀಗೆ: ನಡೆಯುವಾಗ ಬರೀ ತೆಳು ಅಂಗಿ, ಬ್ಯಾಗಿನೊಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಜಾಕೆಟ್. ನಿಂತ ತಕ್ಷಣ ತೆಗೆದು ತೊಡುವುದು, ಅದರ ಮೇಲೆ ಒಂದು ಸೈಜು ದೊಡ್ಡ ರೈನ್‌ಕೋಟ್. ಜೊತೆಗೆ ಗೆಳೆಯನ ಮನೆಯಿಂದ ಒಂದು ಹಳೇ ಕಂಬಳಿಯನ್ನೂ ಕೇಳಿ ತಂದಿದ್ದೇವೆ, ಹೋಲಿಸಿ ನೋಡುವುದಕ್ಕೆ. ಬರುವ ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಹೊರಡುವುದು. ಝಡ್ ಪಾಯಿಂಟಿನಲ್ಲಿ ಮಂಜು ಇದ್ದೇ ಇರುತ್ತದೆ.